ಚರಗದ ಬುತ್ತಿಯೂ ಮನೆಯ ರಾಗಿಯೂ



ಸೀಗೆ ಹುಣ್ಣಿಮೆಯೆಂದರೆ ಭೂಮಿತಾಯಿಯ ಬಯಕೆ ತೀರಿಸುವ ದಿನ. ತೆನೆಗಟ್ಟುವ ಪೈರು ಬಸುರಿ ಹೆಣ್ಣಿಗೆ ಸಮಾನವೆಂಬುದು ಒಕ್ಕಲಿಗರ ನಂಬಿಕೆ. ಮನೆಯಲ್ಲಿ ಮಾಡಿದ ಕಡುಬು, ಬುತ್ತಿ, ಬೆರಕೆ ಸೊಪ್ಪಿನ ಪಲ್ಯಗಳನ್ನು ಹೊಲಕ್ಕೆ ಒಯ್ದು, ಪೂಜಿಸಿ, ಚರಗ ಚೆಲ್ಲಿ, ಉಳಿದದ್ದನ್ನು ಬದುವಿನ ಮೇಲೆ ಕುಳಿತು ಎಲ್ಲರೂ ಕೂಡಿ ಉಣ್ಣುವುದು ಪದ್ಧತಿ.

2023ರ ಅಕ್ಟೋಬರ್ 28ರಂದು ಬಂದ ಸೀಗೆ ಹುಣ್ಣಿಮೆ ಎಂದಿನಂತಿರಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. 186 ಅಡಿಯ ಭದ್ರಾ ಜಲಾಶಯ ತುಂಬಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ಎಷ್ಟೋ ರೈತರು ಟ್ಯಾಂಕರ್ ನೀರು ಕೊಂಡು ಅಡಿಕೆ ಮರಗಳನ್ನು ಉಳಿಸಿಕೊಳ್ಳಬೇಕಾಯಿತು. ಅದೇ 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತ್ತು. ಜಗತ್ತು ರಾಗಿ, ನವಣೆಗಳನ್ನು ಹೊಗಳುತ್ತಿದ್ದಾಗ, ಅವನ್ನು ತಲೆಮಾರುಗಳಿಂದ ಬೆಳೆದ ಮನೆಗಳಲ್ಲೇ ಅನೇಕರು ಹಿಟ್ಟನ್ನು ಅಂಗಡಿಯಿಂದ ತರುತ್ತಿದ್ದರು.

ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇಂದಿಗೂ ಇದೆ. ಇದೇ ತಾಲ್ಲೂಕಿನಲ್ಲಿ ಸೂಳೆಕೆರೆಯೂ ಇದೆ. ಒಳ್ಳೆಯ ಕಾಲದಲ್ಲಿ ನೀರು ಕೂಡಿಡಬೇಕೆಂಬುದನ್ನು ಹಿಂದಿನವರು ಅರಿತಿದ್ದರು. ಕಾಳಿನ ವಿಷಯದಲ್ಲೂ ಅವರ ನಡೆ ಅದೇ ಆಗಿತ್ತು. ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು. ಒಂದು ಮಳೆಗಾಲ ತಪ್ಪಿದರೂ ಒಲೆ ಆರುತ್ತಿರಲಿಲ್ಲ.

ಅಡಿಕೆಯಾಗಲಿ ಮೆಕ್ಕೆಜೋಳವಾಗಲಿ ಬೇಡವೆಂದು ಯಾರೂ ಹೇಳಲಾರರು. ಮಕ್ಕಳ ಓದು, ಮನೆಯ ಖರ್ಚು ಅವುಗಳಿಂದಲೇ ನಡೆಯಬೇಕು. ಆದರೆ ಮನೆಯ ಊಟಕ್ಕೆಂದು ಅರ್ಧ ಎಕರೆಯನ್ನಾದರೂ ಮೀಸಲಿಡುವುದು ಜಾಣತನ. ಲೆಕ್ಕ ಸರಳವಾಗಿದೆ. ದಿನಕ್ಕೆ 1 ಕಿಲೊ ರಾಗಿಯಂತೆ ವರ್ಷಕ್ಕೆ 365 ಕಿಲೊ ಬೇಕು. ಎಕರೆಗೆ 8 ಕ್ವಿಂಟಲ್ ಬಂದರೆ ಅರ್ಧ ಎಕರೆಯಲ್ಲಿ 4 ಕ್ವಿಂಟಲ್ ಕೈಸೇರುತ್ತದೆ. ಖುಷ್ಕಿಯಲ್ಲಿ 8 ಸಾಲು ರಾಗಿಗೆ 2 ಸಾಲು ತೊಗರಿ ಹಾಕಿದರೆ ಸಾರಿಗೆ ಬೇಳೆಯೂ ಆಯಿತು. ಮುಂಗಾರು ತಡವಾದರೆ ಅಲ್ಪಾವಧಿಯ ರಾಗಿ ಅಥವಾ ನವಣೆ, ಇನ್ನೂ ತಡವಾದರೆ ಹುರುಳಿ ಬಿತ್ತಬಹುದು. ದನಗಳಿಗೆ ಮೇವು ಸಿಗುವುದು ಮತ್ತೊಂದು ಲಾಭ.

ಈ ಊಟ ಬಡವರ ಊಟವೆಂಬ ಕೀಳರಿಮೆ ಸಲ್ಲದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುತ್ತದೆ. ಅಕ್ಕಿಯಲ್ಲಿ ಇದು ಬಹಳ ಕಡಿಮೆ. ಮುದ್ದೆಯ ಜೊತೆ ಹುರುಳಿ ಅಥವಾ ಅವರೆಯ ಸಾರು ಇದ್ದರೆ ರಾಗಿಯಲ್ಲಿ ಕೊರತೆಯಾದ ಸಸಾರಜನಕ ತುಂಬಿಕೊಳ್ಳುತ್ತದೆ. ಸೊಪ್ಪಿಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ಮಕ್ಕಳಿಗಾಗಿ ಮೊಳಕೆ ರಾಗಿ ಹಿಟ್ಟನ್ನು ಮನೆಯಲ್ಲೇ ಸಿದ್ಧಪಡಿಸಬಹುದು. ರಾಗಿಯನ್ನು ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನಗಳಲ್ಲಿ ಮೊಳಕೆ ಬರುತ್ತದೆ. ಚೆನ್ನಾಗಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿಕೊಳ್ಳಿ. ದೊಡ್ಡವರಿಗೆ ಅಂಬಲಿಯೇ ಸಾಕು. ಹಿಂದಿನ ರಾತ್ರಿ ಕಾಸಿಟ್ಟ ಗಂಜಿಗೆ ಬೆಳಿಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಬೆರೆಸಿದರೆ ಹೊಲದ ಕೆಲಸಕ್ಕೆ ತಕ್ಕ ಬಲ ಬರುತ್ತದೆ.

ಒಣಗಿದ ಪೈರಿನ ಮುಂದೆ ನಿಂತು ಭೂಮಿಗೆ ಕೃತಜ್ಞತೆ ಹೇಳುವುದು ಸುಲಭವಲ್ಲ. ಆದರೂ ಚರಗ ಚೆಲ್ಲುವವರು ಫಸಲು ಕೈಸೇರಿದ ಮೇಲೆ ಚೆಲ್ಲುವುದಿಲ್ಲ, ಅದಕ್ಕೆ ಮೊದಲೇ ಚೆಲ್ಲುತ್ತಾರೆ. ಹಕ್ಕಿಗೂ ಇಲಿಗೂ ಪಾಲು ಕೊಟ್ಟೇ ತಾವು ಉಣ್ಣುತ್ತಾರೆ. ಈ ಕೃತಜ್ಞತೆ ಒಂದು ದಿನದ ಪೂಜೆಗೆ ನಿಲ್ಲಬಾರದು. ಬದು ಗಟ್ಟಿಯಾಗಲಿ, ಕೃಷಿಹೊಂಡ ತುಂಬಲಿ, ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಬೀಳಲಿ. ಮುಂದಿನ ಸೀಗೆ ಹುಣ್ಣಿಮೆಯ ಬುತ್ತಿಯಲ್ಲಿ ಒಂದು ಹಿಡಿಯಾದರೂ ಸ್ವಂತ ಹೊಲದ ಕಾಳಿರಲಿ.