ಲೋಪಚಿಹ್ನೆಯ ಐದು ಶತಮಾನಗಳು

ಇಂಗ್ಲಿಷ್ ಬರಹದಲ್ಲಿ ಅಕ್ಷರಗಳ ನೆತ್ತಿಯ ಮಟ್ಟಕ್ಕೆ ಎತ್ತಿಟ್ಟ ಅಲ್ಪವಿರಾಮದಂತೆ ಕಾಣುವ ಅಪಾಸ್ಟ್ರಫಿಗೆ ಇಂದು ಎರಡು ಮುಖ್ಯ ಕೆಲಸಗಳಿವೆ: ಪದಗಳು ಕೂಡಿದಾಗ ಬಿದ್ದುಹೋದ ಅಕ್ಷರದ ಸ್ಥಾನವನ್ನು ತೋರಿಸುವುದು ಒಂದು, ವಸ್ತು ಯಾರದೆಂದು ಹೇಳುವ ಷಷ್ಠೀ ವಿಭಕ್ತಿಯನ್ನು ಗುರುತಿಸುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ನಿಯಮಗಳೆಂದು ಕಲಿಸುವ ರೂಢಿಯಿದ್ದರೂ, ಇತಿಹಾಸವನ್ನು ನೋಡಿದರೆ ಎರಡನೆಯದು ಮೊದಲನೆಯದರಿಂದಲೇ ಹುಟ್ಟಿದೆ.

ಫ್ರಾನ್ಸಿನ ಮುದ್ರಕ ಜೆಫ್ರ್ವಾ ತೊರಿ 1529ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ಚಿಹ್ನೆಯನ್ನು ಫ್ರೆಂಚ್ ಭಾಷೆಗೆ ಸೂಚಿಸಿದನು. ಸ್ವರದ ಮುಂದೆ ಸ್ವರ ಬಂದು ಹಿಂದಿನದು ಲೋಪವಾಗುವ ಸಂದರ್ಭ ಅಲ್ಲಿ ಹೆಚ್ಚು. ಕನ್ನಡದಲ್ಲಿ 'ಊರು', 'ಅಲ್ಲಿ' ಎಂಬವು ಕೂಡಿ 'ಊರಲ್ಲಿ' ಆಗುವ ಲೋಪಸಂಧಿಯಂಥದೇ ಇದು. ಆದರೆ ಕನ್ನಡ ಆ ಲೋಪಕ್ಕೆ ಗುರುತು ಹಾಕುವುದಿಲ್ಲ, ಸಂಸ್ಕೃತ ಮಾತ್ರ ಲುಪ್ತವಾದ ಅಕಾರಕ್ಕೆ ಅವಗ್ರಹವನ್ನು ಬರೆಯುತ್ತದೆ. ಅದೇ ಶತಮಾನದಲ್ಲಿ ಇಂಗ್ಲೆಂಡಿನ ಮುದ್ರಕರೂ ಈ ಚಿಹ್ನೆಯನ್ನು ಕೈಗೆತ್ತಿಕೊಂಡರು.

ಷಷ್ಠಿಯ ಕತೆ ಇನ್ನೂ ಸ್ವಾರಸ್ಯಕರ. ಪ್ರಾಚೀನ ಇಂಗ್ಲಿಷಿನಲ್ಲಿ ರಾಜ ಎಂಬರ್ಥದ 'ಕ್ಯುನಿಂಗ್' ಪದದ ಷಷ್ಠೀರೂಪ 'ಕ್ಯುನಿಂಗೆಸ್'. ಅಂದರೆ ಪ್ರತ್ಯಯದಲ್ಲಿ ಸಕಾರದ ಹಿಂದೆ ಎಕಾರವೊಂದಿತ್ತು. ಕಾಲಕ್ರಮದಲ್ಲಿ ಬಹುತೇಕ ಪದಗಳ ಉಚ್ಚಾರಣೆಯಲ್ಲಿ ಅದು ಸವೆದುಹೋಗಿ, ಅದರ ಜಾಗದಲ್ಲಿ ಲೋಪಚಿಹ್ನೆ ನಿಂತಿತು. ಈ ಮೂಲ ಮರೆತುಹೋದಾಗ, ಆ ಸಕಾರವು 'ಅವನ' ಎಂಬರ್ಥದ 'ಹಿಸ್' ಪದದ ಸಂಕ್ಷೇಪವೆಂಬ ಊಹೆ ಬೆಳೆದು, 'ರಾಜ ಅವನ ಕಿರೀಟ' ಎಂಬ ಧಾಟಿಯ ಬರವಣಿಗೆಯೂ ಬಳಕೆಗೆ ಬಂದಿತು. ಸ್ತ್ರೀವಾಚಕ ಪದಗಳಿಗೂ ಇದೇ ಪ್ರತ್ಯಯ ಸೇರುವುದರಿಂದ ಈ ಊಹೆ ನಿಲ್ಲದೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ವ್ಯಾಕರಣಭಾಗದಲ್ಲಿ ವಾದಿಸಿದನು. ಅವನ ತರ್ಕ ಸರಳವಾದುದು, ಇಂದಿಗೂ ಅಲ್ಲಗಳೆಯಲಾಗದ್ದು. ಬಹುವಚನದ ಸಕಾರದ ನಂತರ ಚಿಹ್ನೆಯಿಡುವ ಪದ್ಧತಿ ನೆಲೆಗೊಂಡುದು ಏಕವಚನದ ಪದ್ಧತಿಗಿಂತ ತಡವಾಗಿ.

ಹೆಚ್ಚಿನ ಗೊಂದಲಕ್ಕೆ ಕಾರಣವಾದ 'ಇಟ್ಸ್' ಪದಕ್ಕೂ ಇದೇ ಬಗೆಯ ಹಿನ್ನೆಲೆಯಿದೆ. 'ಅದರ' ಎಂಬ ಅರ್ಥದಲ್ಲಿಯೂ ಅದನ್ನು ಹದಿನೆಂಟನೆಯ ಶತಮಾನದುದ್ದಕ್ಕೂ ಅನೇಕರು ಚಿಹ್ನೆಯೊಡನೆ ಬರೆಯುತ್ತಿದ್ದರು. ಆಮೇಲಷ್ಟೇ, 'ಹಿಸ್', 'ಹರ್ಸ್', 'ಯುವರ್ಸ್' ಎಂಬ ಸರ್ವನಾಮಗಳಂತೆ ಅದೂ ಚಿಹ್ನೆಯನ್ನು ಕಳಚಿಕೊಂಡಿತು. ಆದ್ದರಿಂದ ಇಂದು ಎಡವುವವರನ್ನು ಅಜ್ಞಾನಿಗಳೆನ್ನುವುದು ಅನ್ಯಾಯ.

ಚಿಹ್ನೆಯೇ ಬೇಡವೆಂದವರೂ ಇದ್ದಾರೆ. ಬರ್ನಾರ್ಡ್ ಷಾ ತನ್ನ ನಾಟಕಗಳಲ್ಲಿ 'ಡೋಂಟ್' ಮೊದಲಾದ ಪದಗಳನ್ನು ಅದಿಲ್ಲದೆಯೇ ಅಚ್ಚುಮಾಡಿಸಿದನು. 1890ರಲ್ಲಿ ಸ್ಥಾಪನೆಯಾದ ಅಮೆರಿಕದ ಭೌಗೋಳಿಕ ನಾಮಗಳ ಮಂಡಲಿ ಊರು, ನದಿಗಳ ಹೆಸರುಗಳಲ್ಲಿ ಷಷ್ಠಿಯ ಗುರುತಾಗಿ ಅದನ್ನು ಕೆಲವೇ ಅಪವಾದಗಳ ಹೊರತು ಒಪ್ಪುವುದಿಲ್ಲ. ಆದರೂ ಗದ್ಯದಲ್ಲಿ ಅದು ಓದುಗನಿಗೆ ಅರ್ಥವನ್ನು ಥಟ್ಟನೆ ಒದಗಿಸುತ್ತದೆ. ಇಂಗ್ಲಿಷ್ ಬರೆಯುವ ಕನ್ನಡಿಗರು 'ಇಟ್ಸ್' ಎಂಬುದನ್ನು 'ಇಟ್ ಈಸ್' ಅಥವಾ 'ಇಟ್ ಹ್ಯಾಸ್' ಎಂದು ಬಿಡಿಸಿ ಓದಿಕೊಳ್ಳಲಿ. ವಾಕ್ಯ ಸರಿಹೊಂದಿದರೆ ಚಿಹ್ನೆಯಿಡಲಿ, ಹೊಂದದಿದ್ದರೆ ಬಿಡಲಿ.