ಜಾನ್ ಕ್ವಿನ್ಸಿ ಆಡಮ್ಸ್: ಮನೆತನವೂ ಪ್ರತಿನಿಧಿತ್ವವೂ

(ವಾಚನಾಲಯದಲ್ಲಿ ಮಾಡಿದ ಭಾಷಣ)



ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ರಾಜಕಾರಣದ ಮನೆತನದಲ್ಲಿ ಹುಟ್ಟಿದವನಿಗೆ ಆ ಮರದ ನೆರಳು ತಂಪೂ ಹೌದು, ಅಪಾಯವೂ ಹೌದು. ತಂದೆಯ ಹೆಸರು ಮಗನನ್ನು ಶಾಸನಸಭೆಯ ಬಾಗಿಲವರೆಗೆ ಕರೆದೊಯ್ಯಬಲ್ಲದು. ಒಳಹೊಕ್ಕ ಬಳಿಕ ಯಾರ ಪರವಾಗಿ ಬಾಯಿ ತೆರೆಯಬೇಕೆಂಬುದನ್ನು ಅದು ಕಲಿಸಲಾರದು. ಈ ಮಾತಿಗೆ ಅಮೇರಿಕೆಯ ಜಾನ್ ಕ್ವಿನ್ಸಿ ಆಡಮ್ಸರ ಚರಿತ್ರೆಗಿಂತ ಉತ್ತಮವಾದ ನಿದರ್ಶನವು ನಮಗೆ ತೋರದು.

ಆಡಮ್ಸರು 1767ನೆಯ ಇಸವಿ ಜುಲೈ 11ರಂದು ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಜನಿಸಿದರು. ತಂದೆ ಜಾನ್ ಆಡಮ್ಸರು ಆ ದೇಶದ ಸ್ವಾತಂತ್ರ್ಯಸಂಗ್ರಾಮದ ಧುರೀಣರು, ಮುಂದೆ ಅದರ ಎರಡನೆಯ ಅಧ್ಯಕ್ಷರು. 1775ರಲ್ಲಿ ಬಂಕರ್ ಹಿಲ್ಲಿನ ಕಾಳಗ ನಡೆದಾಗ ಏಳು ವರ್ಷದ ಬಾಲಕನು ತಾಯಿ ಅಬಿಗೇಲಳೊಡನೆ ಮನೆಯ ಸಮೀಪದ ಗುಡ್ಡವೇರಿ ಅದನ್ನು ಕಂಡನು. ಹತ್ತನೆಯ ವಯಸ್ಸಿನಲ್ಲಿ ತಂದೆಯೊಡನೆ ಫ್ರಾನ್ಸಿಗೆ, ಹದಿನಾಲ್ಕನೆಯ ವಯಸ್ಸಿನಲ್ಲಿ ರಾಯಭಾರಿಯ ಕಾರ್ಯದರ್ಶಿಯಾಗಿ ರಶಿಯಾಕ್ಕೆ ಪಯಣ. ತರುವಾಯ ಹಾರ್ವರ್ಡಿನಲ್ಲಿ ವಿದ್ಯಾಭ್ಯಾಸ, ವಕೀಲಿ ವೃತ್ತಿ, 1794ರಲ್ಲಿ ಹಾಲೆಂಡಿನ ರಾಯಭಾರಿ ಪದವಿ. ಇಷ್ಟರಲ್ಲಿ ಮನೆತನದ ಪಾಲು ಬಹಳವಿತ್ತೆಂಬುದನ್ನು ನಾವು ಮುಚ್ಚಿಡಬೇಕಾದುದಿಲ್ಲ.

ಮೊದಲನೆಯ ಪರೀಕ್ಷೆಯು ಸೆನೆಟ್ ಸಭೆಯಲ್ಲಿ ಬಂದಿತು. 1803ರಲ್ಲಿ ಫೆಡರಲಿಸ್ಟ್ ಪಕ್ಷದಿಂದ ಅಲ್ಲಿಗೆ ಹೋದವರು, 1807ರಲ್ಲಿ ಎದುರು ಪಕ್ಷದ ಅಧ್ಯಕ್ಷ ಜೆಫರ್ಸನ್ನರು ಪರದೇಶದ ವ್ಯಾಪಾರವನ್ನು ನಿರ್ಬಂಧಿಸಹೊರಟಾಗ ರಾಷ್ಟ್ರಹಿತವೆಂದು ಅವರನ್ನೇ ಬೆಂಬಲಿಸಿದರು. ಸ್ವಪಕ್ಷವು ಕೆರಳಿತು, ಅವಧಿ ಮುಗಿಯುವ ಮುನ್ನವೇ ಪ್ರಾಂತದ ಶಾಸನಸಭೆಯು ಅವರ ಸ್ಥಾನಕ್ಕೆ ಮತ್ತೊಬ್ಬನನ್ನು ಆರಿಸಿತು. ಆಡಮ್ಸರು 1808ರಲ್ಲಿ ರಾಜೀನಾಮೆಯಿತ್ತು ಹೊರಬಿದ್ದರು.

1825ರಲ್ಲಿ ಅವರು ತಂದೆಯಂತೆ ರಾಷ್ಟ್ರಾಧ್ಯಕ್ಷರಾದರು. ಆದರೆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ ಪ್ರತಿನಿಧಿ ಸಭೆಯೇ ಅವರನ್ನು ಆರಿಸಿದ್ದಿತು. ಅಲ್ಲಿ ನೆರವಾದ ಹೆನ್ರಿ ಕ್ಲೇಗೆ ವಿದೇಶಾಂಗ ಮಂತ್ರಿತ್ವ ದೊರೆತುದರಿಂದ ಒಳ ಒಪ್ಪಂದದ ಅಪವಾದವೂ ಅಂಟಿಕೊಂಡಿತು. 1828ರಲ್ಲಿ ಸೋತರು, 1800ರಲ್ಲಿ ತಂದೆಯವರೂ ಹಾಗೆಯೇ ಸೋತಿದ್ದರು. ಇಲ್ಲಿಗೆ ಚರಿತ್ರೆಯು ಮುಗಿದಿದ್ದರೆ ಅದನ್ನು ನಾವು ಇಂದು ಎತ್ತುತ್ತಿರಲಿಲ್ಲ.

1830ರಲ್ಲಿ ಪ್ಲಿಮತ್ ಸೀಮೆಯ ಮತದಾರರು ಅವರನ್ನು ಪ್ರತಿನಿಧಿ ಸಭೆಗೆ ಆರಿಸಿದರು. ಅಧ್ಯಕ್ಷರಾಗಿದ್ದವರು ಸಾಮಾನ್ಯ ಸಭಾಸದರಾಗುವುದು ಕುಂದಲ್ಲವೇ ಎಂದು ಕೇಳಿದವರಿಗೆ, ಜನಸೇವೆಯಿಂದ ಯಾರಿಗೂ ಕುಂದಿಲ್ಲವೆಂದೂ ತಮ್ಮೂರಿನ ಪಂಚನಾದರೂ ಅದು ಗೌರವವೇ ಎಂದೂ ಅವರ ಅಭಿಪ್ರಾಯವಾಗಿದ್ದಿತು. ಅಂದಿನಿಂದ ಹದಿನೇಳು ವರ್ಷ ಆ ಪೀಠವನ್ನು ಬಿಡಲಿಲ್ಲ.

ಆ ಕಾಲದಲ್ಲಿ ಗುಲಾಮಗಿರಿಯ ವಿರುದ್ಧ ಜನರ ಅರ್ಜಿಗಳು ಮೂಟೆಮೂಟೆಯಾಗಿ ಸಭೆಗೆ ಬರುತ್ತಿದ್ದವು. ಅಂಥ ಅರ್ಜಿಗಳನ್ನು ಅಚ್ಚು ಹಾಕಿಸದೆ, ಸಮಿತಿಗೆ ಒಪ್ಪಿಸದೆ, ಚರ್ಚಿಸದೆ ಮೂಲೆಗೆ ಸರಿಸತಕ್ಕದ್ದೆಂದು 1836ರಲ್ಲಿ ಸಭೆಯು ಠರಾವು ಮಾಡಿತು. ಅರ್ಜಿಯ ಹಕ್ಕನ್ನು ರಾಜ್ಯಘಟನೆಗೆ 1791ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿಯೇ ಕಾಯ್ದಿಟ್ಟಿದೆ. ಆಡಮ್ಸರು ಗುಲಾಮಗಿರಿಯನ್ನು ದ್ವೇಷಿಸುತ್ತಿದ್ದರೂ ಅದರ ವಿಮೋಚನವಾದಿಗಳ ಗುಂಪಿಗೆ ಸೇರಿದವರಲ್ಲ. ಆದರೂ ಬಾಯಿಲ್ಲದವರ ಬಾಯಿಗೆ ಬೀಗವೆಂದರೆ ಸ್ವಾತಂತ್ರ್ಯದ ಬಾಯಿಗೇ ಬೀಗವೆಂದರಿತು ಹೋರಾಟಕ್ಕೆ ನಿಂತರು.

1837ರಲ್ಲಿ ಒಂದು ದಿನ, ಗುಲಾಮರಿಂದಲೇ ಬಂದಂತಿರುವ ಅರ್ಜಿಯೊಂದು ತಮ್ಮಲ್ಲಿದೆ, ಅದಕ್ಕೂ ಈ ನಿಯಮವು ಹತ್ತುವುದೇ ಎಂದು ಸಭಾಪತಿಯನ್ನು ಕೇಳಿದರು. ಸಭೆಯಲ್ಲಿ ಕೋಲಾಹಲವೆದ್ದಿತು, ಖಂಡನೆಯ ಠರಾವುಗಳು ಬಂದವು. ಕಡೆಗೆ ನೋಡಿದರೆ ಆ ಅರ್ಜಿಯು ಬಿಡುಗಡೆಯನ್ನು ಬೇಡಿದ್ದೇ ಅಲ್ಲ! ಮರುವರ್ಷ, ಹೆಂಗಸರು ಅರ್ಜಿ ಕಳಿಸುವುದು ಸ್ತ್ರೀಧರ್ಮಕ್ಕೆ ಸಲ್ಲದೆಂದ ಸಭಾಸದನೊಬ್ಬನಿಗೆ ಉತ್ತರವಾಗಿ, ಮತದ ಹಕ್ಕಿಲ್ಲದ ಆ ತಾಯಂದಿರ ಪರವಾಗಿ ಮೂರು ವಾರಗಳ ಕಾಲ ಬೆಳಗಿನ ಹೊತ್ತಿನಲ್ಲಿ ವಾದಿಸಿದರು. ಅವರ ಮತದಿಂದ ಆಡಮ್ಸರಿಗೆ ಲಾಭವೇನಿತ್ತು? ಮತ ಕೊಡಲಾರದವರಿಗೂ ಪ್ರತಿನಿಧಿಯಾಗುವವನೇ ನಿಜವಾದ ಪ್ರತಿನಿಧಿ.

1841ರಲ್ಲಿ, ಆಮಿಸ್ಟಾಡ್ ಎಂಬ ಹಡಗಿನಲ್ಲಿ ತಮ್ಮ ಬಂಧನವನ್ನು ತಾವೇ ಹರಿದುಕೊಂಡ ಆಫ್ರಿಕನರ ಪರವಾಗಿ, ಎಪ್ಪತ್ತಮೂರರ ಇಳಿವಯಸ್ಸಿನಲ್ಲಿ ವರಿಷ್ಠ ನ್ಯಾಯಾಲಯದಲ್ಲಿ ವಕೀಲರಾಗಿ ನಿಂತರು. ಮಾರ್ಚ್ 9ರ ತೀರ್ಪಿನಿಂದ ಅವರಿಗೆ ಬಿಡುಗಡೆಯಾಯಿತು. ವಕೀಲಿ ಮಾಡುವ ನಮ್ಮಂಥವರು ಈ ಪ್ರಕರಣವನ್ನು ಮತ್ತೆ ಮತ್ತೆ ನೆನೆಯಬೇಕು.

1842ರಲ್ಲಿ, ಹೇವರ್‌ಹಿಲ್ ಊರಿನ 46 ಜನರು ರಾಷ್ಟ್ರಸಂಯೋಗವನ್ನೇ ಮುರಿಯಬೇಕೆಂದು ಬರೆದ ಅರ್ಜಿಯನ್ನು ಅವರು ಮಂಡಿಸಿದರು. ತಮಗೆ ಸಮ್ಮತವಿಲ್ಲದ ಅರ್ಜಿ. ಅದನ್ನೇಕೆ ಮನ್ನಿಸಬಾರದೆಂಬ ಕಾರಣಗಳನ್ನು ಸಮಿತಿಯು ತಿಳಿಸಬೇಕೆಂದೇ ಸೂಚಿಸಿದ್ದರು. ಎದುರಾಳಿಗಳು ರಾಷ್ಟ್ರದ್ರೋಹದ ಕೂಗೆಬ್ಬಿಸಿದರು. ಮುದುಕರು ಸ್ವಾತಂತ್ರ್ಯಘೋಷಣೆಯ ಆರಂಭವನ್ನು ಓದಿಸಿ, ಸುಮಾರು ಎರಡು ವಾರ ತಮ್ಮ ಪಕ್ಷವನ್ನು ಮಂಡಿಸಿದರು; 106 ಮತಗಳಿಗೆ 93ರಂತೆ ಖಂಡನೆಯೇ ಮೂಲೆಗೆ ಬಿದ್ದಿತು. 1844ರ ಡಿಸೆಂಬರ್ 3ರಂದು ಅವರದೇ ಸೂಚನೆಯ ಮೇರೆಗೆ, 108 ಮತಗಳಿಗೆ 80ರಂತೆ, ಆ ಬಾಯಿಬೀಗದ ನಿಯಮವು ರದ್ದಾಯಿತು. ಎಂಟು ವರ್ಷಗಳ ಹಟವು ಗೆದ್ದಿತು.

1848ರ ಫೆಬ್ರವರಿ 21ರಂದು ಸಭೆಯಲ್ಲಿ ತಮ್ಮ ಪೀಠದಲ್ಲಿಯೇ ಕುಸಿದರು. 23ರಂದು ಅದೇ ಕಟ್ಟಡದಲ್ಲಿ ದೇಹವಿಟ್ಟರು. ಅದೇ ಸಭೆಯಲ್ಲಿ ಅಬ್ರಹಾಂ ಲಿಂಕನ್ ಎಂಬ ಹೊಸ ಸಭಾಸದನಿದ್ದನು. ಗುಲಾಮಗಿರಿಯು 1865ರಲ್ಲಿ ಕಾನೂನಿನಿಂದ ಅಳಿಯಿತು. ಅದನ್ನು ಕಾಣಲು ಆಡಮ್ಸರಿರಲಿಲ್ಲ.

ಮಹನೀಯರೇ, ಅವರ ಮಗ ಚಾರ್ಲ್ಸ್ ಫ್ರಾನ್ಸಿಸನೂ ಶಾಸನಸಭೆಯನ್ನು ಸೇರಿದನು, ಲಂಡನ್ನಿನಲ್ಲಿ ರಾಯಭಾರಿಯಾದನು. ಮನೆತನವು ಬೆಳೆಯಿತು. ಆದರೆ ಚರಿತ್ರೆಯು ಆಡಮ್ಸರನ್ನು ಗೌರವಿಸುವುದು ಅಧ್ಯಕ್ಷರ ಮಗನೆಂದಲ್ಲ, ತಾವೇ ಅಧ್ಯಕ್ಷರಾದರೆಂದೂ ಅಲ್ಲ. ತಿರಸ್ಕೃತವಾದ ಕಾಗದವೊಂದನ್ನು ಕೈಯಲ್ಲಿ ಹಿಡಿದು, ಸಭೆಯು ಕೂಗಾಡುತ್ತಿದ್ದರೂ ಕುಳಿತುಕೊಳ್ಳದೆ ನಿಂತರೆಂದು. ಮತ ಕೇಳಲು ಬಂದವನ ತಂದೆ ಯಾರೆಂದು ವಿಚಾರಿಸುವುದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿಗೇ ನಿಲ್ಲದೆ, ಮತವಿಲ್ಲದವನ ಅರ್ಜಿಯನ್ನು ಇವನು ಒಯ್ದಾನೇ ಎಂದೂ ವಿಚಾರಿಸೋಣ. ಆಲದ ಮರದ ಬೆಲೆಯನ್ನು ದಾರಿಹೋಕನಿಗೆ ಅದು ಕೊಡುವ ನೆರಳಿನಿಂದಲೇ ಅಳೆಯಬೇಕು.