ಮೇಳದ ಮೇಜಿನ ಮೇಲೆ ಯಾರ ಪ್ರಶ್ನೆ?

(ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ವಿಜ್ಞಾನ ಮೇಳದ ಸುತ್ತೋಲೆ ಶಾಲೆಗೆ ಬಂದ ದಿನ ಏನಾಗುತ್ತದೆಂಬುದು ನಿಮಗೆಲ್ಲ ಗೊತ್ತಿದೆ. ಮುಖ್ಯೋಪಾಧ್ಯಾಯರು ಸಹಿ ಹಾಕಿ ಅದನ್ನು ವಿಜ್ಞಾನ ಶಿಕ್ಷಕರ ಕೈಗೆ ಕೊಡುತ್ತಾರೆ. ವಿಜ್ಞಾನ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಅದು ಭಾಷಾ ಶಿಕ್ಷಕರ ಕೈಗೂ ಬರುತ್ತದೆ. ಉರ್ದು ಮತ್ತು ಕನ್ನಡ ಬೋಧಿಸುವ ನಾನು ಈ ವಿಷಯದ ಮೇಲೆ ಮಾತನಾಡಲು ನಿಂತಿರುವುದು ಆ ಕಾರಣದಿಂದಲೇ. ಮೇಳಕ್ಕೆ ನಾಲ್ಕು ದಿನ ಉಳಿದಿರುತ್ತದೆ. ಮಕ್ಕಳಿಗೆ "ಏನಾದರೂ ಮಾಡಿಕೊಂಡು ಬನ್ನಿ" ಎಂದು ಹೇಳಿ ಕಳುಹಿಸುತ್ತೇವೆ. ಆ ಸಂಜೆ ಸ್ಟೇಷನರಿ ಅಂಗಡಿಯಲ್ಲಿ ಥರ್ಮೋಕೋಲ್ ಹಾಳೆ, ಬಣ್ಣ, ಫೆವಿಕಾಲ್ ಖರ್ಚಾಗುತ್ತವೆ. ಈಗ ಕೆಲವು ಅಂಗಡಿಗಳಲ್ಲಿ ಸಿದ್ಧ ಮಾದರಿಗಳೇ ಸಿಗುತ್ತವೆ. ಸೌರಮಂಡಲ, ಜ್ವಾಲಾಮುಖಿ, ಮಳೆನೀರು ಕೊಯ್ಲು, ಯಾವುದು ಬೇಕೋ ಅದು.

ಒಂದು ಪ್ರದರ್ಶನಕ್ಕೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಐದನೆಯ ತರಗತಿಯ ಒಬ್ಬ ಹುಡುಗನ ಮುಂದೆ ಅಣೆಕಟ್ಟಿನ ಬಹಳ ಸುಂದರವಾದ ಮಾದರಿ ಇತ್ತು. ನೀರು ಸುರಿದರೆ ಪುಟ್ಟ ಚಕ್ರ ತಿರುಗಿ ದೀಪ ಹೊತ್ತಿಕೊಳ್ಳುತ್ತಿತ್ತು. ಬಾಯಿಪಾಠ ಮಾಡಿದ ವಿವರಣೆಯನ್ನು ಅವನು ತಡವರಿಸದೆ ಒಪ್ಪಿಸಿದ. "ನೀರನ್ನು ಇನ್ನಷ್ಟು ಎತ್ತರದಿಂದ ಸುರಿದರೆ ದೀಪ ಹೇಗೆ ಉರಿಯುತ್ತದೆ ಮಗೂ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಮಾದರಿಯನ್ನು ನೋಡಿದ, ಬಳಿಕ ತಗ್ಗಿದ ದನಿಯಲ್ಲಿ "ಅಬ್ಬಾಕು ಪೂಛ್‌ಕೆ ಬೋಲ್ತೂಂ ಸರ್" ಎಂದ. ತಂದೆಯನ್ನು ಕೇಳಿ ಹೇಳುತ್ತೇನೆ ಎಂದು. ಮಗ್ ಅವನ ಕೈಯಲ್ಲೇ ಇತ್ತು, ಬಕೆಟ್ಟಿನಲ್ಲಿ ನೀರೂ ಇತ್ತು. ಕೈ ಎತ್ತಿ ಸುರಿದು ನೋಡಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಆ ಮಾದರಿ ಅವನದಾಗಿರಲಿಲ್ಲವಲ್ಲ, ಅದನ್ನು ಮುಟ್ಟಿ ಕೆಡಿಸುವ ಧೈರ್ಯ ಹೇಗೆ ಬಂದೀತು? ತಂದೆ ರಾತ್ರಿಯೆಲ್ಲ ಕುಳಿತು ಪ್ರೀತಿಯಿಂದ ಮಾಡಿಕೊಟ್ಟದ್ದು ಅದು. ಆದರೆ ಪ್ರಶ್ನೆ ಕೇಳುವುದು, ಉತ್ತರವನ್ನು ತಾನೇ ಹುಡುಕುವುದು ಎಂಬ ಕೆಲಸ ಅವನ ಪಾಲಿಗೆ ಉಳಿದೇ ಇರಲಿಲ್ಲ.

ಜ್ವಾಲಾಮುಖಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದಾಗ ಉಕ್ಕುವುದು ಇಂಗಾಲದ ಡೈ ಆಕ್ಸೈಡ್ ಅನಿಲದಿಂದ. ನಿಜವಾದ ಜ್ವಾಲಾಮುಖಿಯಲ್ಲಿ ಸೋಡಾವೂ ಇಲ್ಲ, ವಿನೆಗರೂ ಇಲ್ಲ. ಅಲ್ಲಿ ಭೂಮಿಯ ಆಳದಿಂದ ಕರಗಿದ ಶಿಲೆ ಮೇಲೇರುತ್ತದೆ, ಅದರೊಳಗೆ ಸೇರಿಕೊಂಡಿರುವ ನೀರಾವಿ ಮೊದಲಾದ ಅನಿಲಗಳು ಅದನ್ನು ಹೊರಕ್ಕೆ ಚಿಮ್ಮಿಸುತ್ತವೆ. ಸೋಡಾ ಮತ್ತು ವಿನೆಗರ್ ಒಳ್ಳೆಯ ಪ್ರಯೋಗವೇ ಹೌದು. ಯಾವ ಅಳತೆಯಲ್ಲಿ ಬೆರೆಸಿದರೆ ಬಲೂನು ಹೆಚ್ಚು ಉಬ್ಬುತ್ತದೆ ಎಂದು ಮಗು ಪರೀಕ್ಷಿಸಲಿ. ಅದರ ಸುತ್ತ ಮಣ್ಣಿನ ಗುಡ್ಡ ಕಟ್ಟಿ ಜ್ವಾಲಾಮುಖಿ ಎಂದು ಹೆಸರಿಟ್ಟರೆ ಮಗು ತಪ್ಪನ್ನೇ ಕಲಿತು ಮನೆಗೆ ಹೋಗುತ್ತದೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಮೇಳಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ತರಗತಿಯಲ್ಲಿ ಒಂದು ಹಳೆಯ ಡಬ್ಬ ಇಡಿ. ಮನೆಯಲ್ಲಿ, ಬೀದಿಯಲ್ಲಿ ಕಂಡ ವಿಷಯದ ಬಗ್ಗೆ ದಿನಕ್ಕೊಂದು ಪ್ರಶ್ನೆ ಬರೆದು ಹಾಕಲು ಹೇಳಿ. ಒಂದು ವಾರದಲ್ಲಿ ಡಬ್ಬ ತುಂಬುತ್ತದೆ. ವಿಮಾನ ಹೇಗೆ ಹಾರುತ್ತದೆ, ಸಮುದ್ರದ ನೀರು ಏಕೆ ಉಪ್ಪು, ಇರುವೆಗೆ ಸಕ್ಕರೆ ಇಷ್ಟವೋ ಬೆಲ್ಲ ಇಷ್ಟವೋ, ಅಮ್ಮಿ ಒದ್ದೆ ಬಟ್ಟೆಯನ್ನು ಹಿಂಡಿ ಕೊಡವಿ ಹಾಕುವುದೇಕೆ, ಮಡಕೆಯ ನೀರು ತಣ್ಣಗಿರುವುದೇಕೆ. ಇವೆಲ್ಲ ಒಳ್ಳೆಯ ಪ್ರಶ್ನೆಗಳೇ. ಆದರೆ ವಿಮಾನದ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಓದಬೇಕು. ಇರುವೆಯ ಪ್ರಶ್ನೆಗೆ ಮಗು ಅಂಗಳದಲ್ಲಿ ಕುಳಿತು ಎಣಿಸಿಯೇ ಉತ್ತರ ಪಡೆಯಬಹುದು. ನೀವು ಆರಿಸಬೇಕಾದದ್ದು ಎರಡನೆಯ ಬಗೆಯದು. ಎರಡು ವಾರದೊಳಗೆ, ಮನೆಯಲ್ಲಿ ಸಿಗುವ ವಸ್ತುಗಳಿಂದ, ಅಪಾಯವಿಲ್ಲದೆ, ಎಣಿಸಿ ಅಥವಾ ಅಳೆದು ಉತ್ತರಿಸಬಹುದೇ ಎಂದು ನೋಡಿದರೆ ಸಾಕು.

ಮಡಕೆಯ ಪ್ರಶ್ನೆಯನ್ನೇ ತೆಗೆದುಕೊಂಡು ಪೂರ್ತಿ ಯೋಜನೆ ಹೇಗಿರುತ್ತದೆ ಎಂದು ಹೇಳುತ್ತೇನೆ. ಐದರಿಂದ ಏಳನೆಯ ತರಗತಿಯ ನಾಲ್ಕು ಮಕ್ಕಳ ಗುಂಪಿಗೆ ಇದು ಹೊಂದುತ್ತದೆ.

ಕುಂಬಾರರ ಬಳಿ ಒಂದೇ ದಿನ, ಒಂದೇ ಅಳತೆಯ ಎರಡು ಚಿಕ್ಕ ಮಡಕೆಗಳನ್ನು ತನ್ನಿ. ಒಂದನ್ನು ಹಾಗೆಯೇ ಬಿಡಿ. ಇನ್ನೊಂದರ ಹೊರಮೈಗೆ, ತಳವನ್ನೂ ಬಿಡದೆ, ಎಣ್ಣೆ ಬಣ್ಣವನ್ನು ಎರಡು ಸಲ ಬಳಿದು ಎರಡು ಮೂರು ದಿನ ಒಣಗಲು ಬಿಡಿ. ಮೂರನೆಯದಾಗಿ ಅಷ್ಟೇ ನೀರು ಹಿಡಿಯುವ ಸ್ಟೀಲ್ ಪಾತ್ರೆ. ಬಣ್ಣ ಬಳಿದ ಮಡಕೆ ಏಕೆ ಬೇಕು ಎಂದು ಕೇಳಬಹುದು. ಮಡಕೆ ಮತ್ತು ಸ್ಟೀಲ್ ಎರಡನ್ನೇ ಹೋಲಿಸಿದರೆ, ಮಣ್ಣು ತಂಪಿನ ವಸ್ತು, ಅದಕ್ಕೇ ನೀರು ತಣ್ಣಗಾಯಿತು ಎಂದು ಮಗು ಹೇಳಿಬಿಡಬಹುದು. ಬಣ್ಣ ಬಳಿದದ್ದೂ ಅದೇ ಮಣ್ಣಿನದು, ಅದರ ಸೂಕ್ಷ್ಮ ರಂಧ್ರಗಳು ಮಾತ್ರ ಮುಚ್ಚಿವೆ. ಈಗ ಈ ಎರಡು ಮಡಕೆಗಳ ನಡುವೆ ಇರುವುದು ಒಂದೇ ವ್ಯತ್ಯಾಸ. ಇಡೀ ಪ್ರಯೋಗದ ಜೀವ ಅಲ್ಲಿದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಡಿ. "ಮಣ್ಣಿನಿಂದಲೇ ತಣ್ಣಗಾಯಿತು ಎಂದು ಯಾರಾದರೂ ವಾದಿಸಿದರೆ ಏನು ಮಾಡುತ್ತೀರಿ?" ಎಂದು ಕೇಳಿ ಒಂದು ದಿನ ಕಾಯಿರಿ. ಯಾರಾದರೊಬ್ಬರು ರಂಧ್ರ ಮುಚ್ಚುವ ಉಪಾಯಕ್ಕೆ ಬಂದೇ ಬರುತ್ತಾರೆ. ಬಣ್ಣದ ಬದಲು ಪ್ಲಾಸ್ಟಿಕ್ ಹಾಳೆ ಸುತ್ತೋಣ ಎಂದರೆ ಅದನ್ನೂ ಒಪ್ಪಿಕೊಳ್ಳಿ.

ಹೊಸ ಮಡಕೆ ಮೊದಲು ತಾನೇ ನೀರು ಕುಡಿಯುತ್ತದೆ. ಆದ್ದರಿಂದ ಎರಡೂ ಮಡಕೆಗಳಲ್ಲಿ ಒಂದು ದಿನ ನೀರು ತುಂಬಿಟ್ಟು ಚೆಲ್ಲಿದ ಮೇಲೆಯೇ ಪ್ರಯೋಗ ಆರಂಭಿಸಬೇಕು. ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರನ್ನು ಬೆಳಿಗ್ಗೆ ಮೂರಕ್ಕೂ 1 ಲೀಟರ್‌ನಂತೆ ಅಳೆದು ಹಾಕಿ, ತಟ್ಟೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿ ಒಂದೇ ಸಾಲಿನಲ್ಲಿ ಇಡಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಉಷ್ಣತೆ ನೋಡಿ ಬರೆಯಬೇಕು. ಸಂಜೆ ಪ್ರತಿಯೊಂದರಲ್ಲೂ ಎಷ್ಟು ನೀರು ಉಳಿದಿದೆ ಎಂದು ಮತ್ತೆ ಅಳೆಯಬೇಕು. ಹೀಗೆ ಐದು ದಿನ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ, ಅದರ ಅಳತೆ ಸುಮಾರು 35ರಿಂದ 42 ಡಿಗ್ರಿಯವರೆಗೆ ಮಾತ್ರ. ಹಳೆಯ ಗಾಜಿನದಾದರೆ ಒಡೆದು ಪಾದರಸ ಚೆಲ್ಲುವ ಅಪಾಯವೂ ಇದೆ. ಕೆಂಪು ದ್ರವವಿರುವ ಪ್ರಯೋಗಾಲಯದ ಥರ್ಮಾಮೀಟರನ್ನು ಹತ್ತಿರದ ಪ್ರೌಢಶಾಲೆಯಿಂದ ಎರವಲು ತಂದರಾಯಿತು.

ಬಣ್ಣವಿಲ್ಲದ ಮಡಕೆಯ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು, ಅದರಲ್ಲಿ ಹೆಚ್ಚಿನದನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಲೆಕ್ಕ ಹಾಕಿದರೆ ಕೇವಲ ಎರಡು ಟೀ ಚಮಚ, ಅಂದರೆ 10 ಗ್ರಾಂ ನೀರು ಆವಿಯಾಗಿ ಹೋಗುವಾಗ ಒಂದು ಲೀಟರ್ ನೀರನ್ನು ಹೆಚ್ಚುಕಡಿಮೆ 6 ಡಿಗ್ರಿ ತಣಿಸುವಷ್ಟು ಶಾಖವನ್ನು ಒಯ್ಯುತ್ತದೆ. ಹೊರಗಿನ ಬಿಸಿ ಒಳಗೆ ಬರುತ್ತಲೇ ಇರುವುದರಿಂದ ಅಷ್ಟೂ ತಣ್ಣಗಾಗುವುದಿಲ್ಲ. ಏಳನೆಯ ತರಗತಿಯವರು ಈ ಲೆಕ್ಕ ಮಾಡಬಲ್ಲರು. ಐದನೆಯವರಿಗೆ, ಹೆಚ್ಚು ನೀರು ಕಳೆದುಕೊಂಡ ಪಾತ್ರೆಯೇ ಹೆಚ್ಚು ತಣ್ಣಗಾಯಿತು ಎಂದು ತಮ್ಮ ಅಂಕಿಗಳಲ್ಲೇ ಕಂಡರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ. ಕಲಬುರಗಿಯಲ್ಲಿ ಮಾರ್ಚ್ ತಿಂಗಳಲ್ಲಿ ಈ ಪ್ರಯೋಗ ಮಾಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಮಂಗಳೂರಿನಲ್ಲಿ ಜುಲೈ ತಿಂಗಳ ಮಳೆಯಲ್ಲಿ ಮಾಡಿದರೆ ಮೂರೂ ಪಾತ್ರೆಗಳು ಬಹುತೇಕ ಒಂದೇ ಆಗಿರಬಹುದು, ಏಕೆಂದರೆ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಆಗ ಅಂಕಿಗಳನ್ನು ತಿದ್ದಿ "ಸರಿಯಾದ" ಉತ್ತರ ಬರೆಸುವ ಆಸೆ ನಮಗೆ ಬರುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ವ್ಯತ್ಯಾಸ ಬರಲಿಲ್ಲ ಎಂಬುದೂ ಫಲಿತಾಂಶವೇ. ಬಿಸಿಲು ಬಿದ್ದ ದಿನ ಮತ್ತೆ ಅಳೆದು ಎರಡನ್ನೂ ಅಕ್ಕಪಕ್ಕ ಬರೆದರೆ ಆ ಮಕ್ಕಳು ಪಠ್ಯಪುಸ್ತಕಕ್ಕಿಂತ ಒಂದು ಹೆಜ್ಜೆ ಮುಂದೆ ಹೋದಂತೆ. ದಾಖಲೆ ಪುಸ್ತಕವನ್ನು ಪೆನ್ನಿನಲ್ಲಿ ಬರೆಸಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ, ವೈಟ್‌ನರ್ ಬೇಡ. ಮೇಳದ ದಿನ ಅದನ್ನು ಅಂದವಾಗಿ ನಕಲು ಮಾಡಿಸುವುದೂ ಬೇಡ. ನೀರಿನ ಕಲೆ ಬಿದ್ದ ಆ ಪುಸ್ತಕವೇ ಮೇಜಿನ ಮೇಲಿರಲಿ.

ಇನ್ನು ಭಾಷೆಯ ವಿಷಯ. ನನ್ನ ಮಟ್ಟಿಗೆ ಇದೇ ಹೆಚ್ಚಿನದು. ಉರ್ದು ಪುಸ್ತಕದಲ್ಲಿ ನೀರು ಆವಿಯಾಗುವುದನ್ನು "ತಬ್ಖೀರ್" ಎನ್ನುತ್ತಾರೆ, ಕನ್ನಡದಲ್ಲಿ "ಬಾಷ್ಪೀಕರಣ". ದ್ಯುತಿಸಂಶ್ಲೇಷಣೆಗೆ ಉರ್ದುವಿನಲ್ಲಿ "ಝಿಯಾಈ ತಾಲೀಫ್". ನಮ್ಮ ಮಕ್ಕಳ ಮನೆಯಲ್ಲಿ ಈ ಯಾವ ಪದವೂ ಇಲ್ಲ. ಅವರ ತಾಯಿ "ಪಾನಿ ಸುಕ್ ಗಯಾ" ಎನ್ನುತ್ತಾರೆ. ಉರ್ದು ಮಾಧ್ಯಮದ ಮಗು ತಾಲೂಕು ಮಟ್ಟದ ಮೇಳದಲ್ಲಿ ಕನ್ನಡ ಮಾತನಾಡುವ ತೀರ್ಪುಗಾರರ ಮುಂದೆ ನಿಂತಾಗ ಮೂರು ಭಾಷೆಗಳ ನಡುವೆ ಸಿಕ್ಕಿಕೊಂಡು ಮೌನವಾಗುತ್ತದೆ. ನೋಡುವವರು ಇವನಿಗೆ ವಿಜ್ಞಾನ ಬರುವುದಿಲ್ಲ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅವನಿಗೆ ಬಾರದಿರುವುದು ಒಂದು ಪದ ಮಾತ್ರ. ಆದ್ದರಿಂದ ಮೊದಲ ಎರಡು ವಾರ ಮಗು ಮನೆಯ ಮಾತಿನಲ್ಲೇ ವಿವರಿಸಲಿ, ದಖನಿಯಾಗಲಿ, ಬ್ಯಾರಿಯಾಗಲಿ, ನವಾಯತಿಯಾಗಲಿ. ವಿಷಯ ಹಿಡಿತಕ್ಕೆ ಬಂದ ಮೇಲೆ ಪುಸ್ತಕದ ಪದ ಕೊಡಿ. ಕೊನೆಗೆ, ಉರ್ದು ಶಾಲೆಯವರಾದರೆ, ಹತ್ತು ಸರಳ ಕನ್ನಡ ವಾಕ್ಯಗಳನ್ನು ಅಭ್ಯಾಸ ಮಾಡಿಸಿ. "ನೀರು ಹೊರಗೆ ಜಿನುಗಿ ಒಣಗುತ್ತದೆ, ಒಣಗುವಾಗ ಒಳಗಿನ ಬಿಸಿಯನ್ನು ಒಯ್ಯುತ್ತದೆ" ಎಂದರೆ ಅಲ್ಲಿ ಬಾಷ್ಪೀಕರಣ ಇದ್ದೇ ಇದೆ. ತೀರ್ಪುಗಾರರಾಗಿ ಹೋಗುವ ಶಿಕ್ಷಕ ಮಿತ್ರರು ಇದನ್ನು ಗಮನದಲ್ಲಿಡಬೇಕೆಂದು ವಿನಂತಿ. ಅಂದಹಾಗೆ, ಉರ್ದುವಿನಲ್ಲಿ "ತಜ್ರಿಬಾ" ಎಂಬ ಒಂದೇ ಪದಕ್ಕೆ ಪ್ರಯೋಗ ಎಂದೂ ಅನುಭವ ಎಂದೂ ಅರ್ಥವಿದೆ. ಮಕ್ಕಳಿಗೆ ಇದನ್ನು ಹೇಳಿದರೆ ಬಹಳ ಖುಷಿಪಡುತ್ತಾರೆ.

ಗುಂಪಿನಲ್ಲಿ ಕೆಲಸ ಹಂಚುವಾಗಲೂ ಗಮನವಿರಲಿ. ಹುಡುಗರು ಮತ್ತು ಹುಡುಗಿಯರು ಇಬ್ಬರೂ ಇರುವ ಗುಂಪಿನಲ್ಲಿ ಥರ್ಮಾಮೀಟರ್ ಹುಡುಗರ ಕೈಗೂ ಸ್ಕೆಚ್ ಪೆನ್ ಹುಡುಗಿಯರ ಕೈಗೂ ತಾನಾಗಿಯೇ ಹೋಗುತ್ತದೆ. "ಅವಳ ಅಕ್ಷರ ದುಂಡಗಿದೆ, ಚಾರ್ಟ್ ಅವಳೇ ಬರೆಯಲಿ" ಎನ್ನುವವರು ನಾವೇ. ನಾಲ್ವರಿಗೂ ಸರದಿಯಂತೆ ಅಳೆಯುವ ದಿನ ಗೊತ್ತುಮಾಡಿ, ನಾಲ್ವರೂ ವಿವರಿಸಲಿ. ಮನೆಯಲ್ಲಿ ಮಡಕೆಗೆ ನೀರು ತುಂಬುವ ಹುಡುಗಿಗೆ ಅದು ಜಿನುಗುವುದು ಹುಡುಗರಿಗಿಂತ ಮೊದಲೇ ಗೊತ್ತಿರುತ್ತದೆ.

ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಇಷ್ಟು ದೊಡ್ಡ ಯೋಜನೆ ಬೇಡ. ಎರಡು ತಟ್ಟೆಗಳಲ್ಲಿ ಒದ್ದೆ ಹತ್ತಿಯ ಮೇಲೆ ಹತ್ತು ಹತ್ತು ಹೆಸರುಕಾಳು ಇಟ್ಟು, ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಕಪಾಟಿನ ಕತ್ತಲೆಯಲ್ಲಿ ಇಡಿಸಿ. ಹತ್ತಿ ಒಣಗದಂತೆ ನೋಡಿಕೊಳ್ಳಬೇಕು. ಕತ್ತಲೆಯಲ್ಲಿ ಮೊಳಕೆ ಬರುವುದಿಲ್ಲ ಎಂದು ಹೆಚ್ಚಿನ ಮಕ್ಕಳು ಹೇಳುತ್ತಾರೆ. ಒಂದು ವಾರದ ನಂತರ ಕಪಾಟು ತೆರೆದರೆ ಕತ್ತಲೆಯ ಸಸಿಗಳು ಬೆಳಕಿನವಕ್ಕಿಂತ ಉದ್ದವಾಗಿ, ಹಳದಿಯಾಗಿ, ಬಡಕಲಾಗಿ ನಿಂತಿರುತ್ತವೆ. ಆಗ ಮಕ್ಕಳ ಮುಖ ನೋಡಬೇಕು! ಬೆಳಕು ಹುಡುಕುತ್ತ ಅವು ಎತ್ತರಕ್ಕೆ ಚಾಚಿಕೊಂಡಿವೆ ಎಂದು ಅವರೇ ಹೇಳಿಯಾರು.

ನಮ್ಮ ಸಭೆಗಳಲ್ಲಿ ಇಬ್ನ್ ಅಲ್ ಹೈಸಮ್ ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ, ಬೆಳಕಿನ ಬಗ್ಗೆ "ಕಿತಾಬ್ ಅಲ್ ಮನಾಝಿರ್" ಬರೆದವರು. ಹೆಸರು ಹೇಳಿ ಚಪ್ಪಾಳೆ ತಟ್ಟಿ ಕುಳಿತರೆ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ಅವರು ಕತ್ತಲೆ ಕೋಣೆಯಲ್ಲಿ ಸಣ್ಣ ರಂಧ್ರದ ಮೂಲಕ ದೀಪದ ಬೆಳಕನ್ನು ಬಿಟ್ಟು ಪರೀಕ್ಷಿಸಿದವರು. ಚಪ್ಪಲಿಯ ಖಾಲಿ ಡಬ್ಬದ ಒಂದು ಬದಿಗೆ ಸೂಜಿಯಿಂದ ರಂಧ್ರ ಮಾಡಿ, ಎದುರು ಬದಿಯನ್ನು ಕತ್ತರಿಸಿ ಎಣ್ಣೆ ಹಚ್ಚಿದ ಕಾಗದ ಅಂಟಿಸಿದರೆ ಅದೇ ಕೆಲಸ ನಮ್ಮ ಮಕ್ಕಳೂ ಮಾಡಬಹುದು. ಕತ್ತಲೆಯಲ್ಲಿ ಮೇಣದ ಬತ್ತಿಯ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ರಂಧ್ರ ದೊಡ್ಡದು ಮಾಡಿದರೆ ಚಿತ್ರ ಪ್ರಕಾಶಮಾನವಾಗುತ್ತದೆ, ಜೊತೆಗೆ ಮಸುಕಾಗುತ್ತದೆ. ಬತ್ತಿ ಹೊತ್ತಿಸುವಾಗ ದೊಡ್ಡವರು ಪಕ್ಕದಲ್ಲಿರಲಿ, ಡಬ್ಬವನ್ನು ಸೂರ್ಯನ ಕಡೆಗೆ ತಿರುಗಿಸಲು ಬಿಡಬೇಡಿ.

ಪೋಷಕರಲ್ಲಿ ಒಂದು ಮಾತು. ಮಗುವಿಗೆ ಸಹಾಯ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಕುಂಬಾರರ ಮನೆಗೆ ಕರೆದುಕೊಂಡು ಹೋಗಿ, ಚೂರಿ, ಬೆಂಕಿ, ಬಣ್ಣದ ಕೆಲಸದಲ್ಲಿ ಜೊತೆಗಿರಿ, ಸಂಜೆಯ ಅಳತೆ ಮರೆತರೆ ನೆನಪಿಸಿ. ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ "ಮಾಡಿ ನೋಡೋಣ ಬಾ" ಎನ್ನಿ. ಶಾಲೆ ಕಲಿಯದ ತಾಯಂದಿರು ತಮ್ಮಿಂದ ಏನಾದೀತು ಎಂದು ಹಿಂಜರಿಯುತ್ತಾರೆ. ಹಿಟ್ಟು ಯಾವ ಕಾಲದಲ್ಲಿ ಬೇಗ ಉಬ್ಬುತ್ತದೆ, ಉಪ್ಪಿನಕಾಯಿಗೆ ಒದ್ದೆ ಚಮಚ ಏಕೆ ಹಾಕಬಾರದು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 10ರಿಂದ 17 ವರ್ಷದ ಮಕ್ಕಳಿಗಾಗಿ, ತಮ್ಮ ಸುತ್ತಲಿನ ಸಮಸ್ಯೆಯನ್ನೇ ಗುಂಪಾಗಿ ಅಧ್ಯಯನ ಮಾಡಲಿ ಎಂಬ ಉದ್ದೇಶದಿಂದ ರೂಪುಗೊಂಡದ್ದು. ಪ್ರಾಥಮಿಕ ಹಂತದಲ್ಲಿ ಅಳೆದು ಬರೆಯುವ ಅಭ್ಯಾಸವಾದ ಮಗುವಿಗೆ ಅಂಥ ಕಡೆ ಅಳುಕಿರುವುದಿಲ್ಲ.

ಕೊನೆಯದಾಗಿ ಮೇಳದ ದಿನದ ವಿಷಯ. ಮಡಕೆಗಳನ್ನು ಖಾಲಿ ಮಾಡಿ, ಒಣಹುಲ್ಲಿನಲ್ಲೋ ಹಳೆಯ ಚಾದರದಲ್ಲೋ ಸುತ್ತಿ ಒಯ್ಯಿರಿ. ಬೆಳಿಗ್ಗೆ ಬೇಗ ತಲುಪಿ ನೀರು ತುಂಬಿದರೆ ತೀರ್ಪುಗಾರರು ಬರುವಷ್ಟರಲ್ಲಿ ವ್ಯತ್ಯಾಸ ಕಾಣತೊಡಗಬಹುದು. ಬಂದವರು ಕೈ ಇಟ್ಟು ನೋಡಲಿ, ಥರ್ಮಾಮೀಟರನ್ನು ಅವರ ಕೈಗೇ ಕೊಡಲಿ. ನೀವು ಮಾತ್ರ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿ. ಮಗು ತಡವರಿಸಿದಾಗ ಹಿಂದಿನಿಂದ ಉತ್ತರ ಪಿಸುಗುಟ್ಟಬೇಡಿ.